ಬಾಲಾನಗರದ ಕಿಡಿ, ಬಾನಿನ ಕಿಡಿ

ಹೈದರಾಬಾದಿನ ಬಾಲಾನಗರದ ಲೇತ್ ಅಂಗಡಿಗಳ ಸಾಲಿನಲ್ಲಿ ಸಂಜೆ ನಿಂತರೆ ವೆಲ್ಡಿಂಗ್ ಕಿಡಿ ಕಾಣುತ್ತದೆ, ನಕ್ಷತ್ರ ಕಾಣುವುದಿಲ್ಲ. ಅಲ್ಲೇ ಇರುವ ಇಸ್ರೊದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಕೆಲಸವೂ ಕೆಳಗಿನದೇ: ಹೊಲ, ಕೆರೆ, ಕಾಡುಗಳ ಚಿತ್ರ ಓದುವುದು. ಇಸ್ರೊದ ಇನ್ನೊಂದು ಕಣ್ಣು, 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹ, ನೋಡುವುದು ಮೇಲಕ್ಕೆ.

ಅದರ ನೇರಳಾತೀತ ದೂರದರ್ಶಕ ರೂಪುಗೊಂಡಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ. ಕನ್ನಡಿ ಸುಮಾರು 38 ಸೆಂ.ಮೀ., ಊಟದ ತಟ್ಟೆಗಿಂತ ತುಸು ದೊಡ್ಡದು, ಅಷ್ಟೇ! ಕಾದ ಕಬ್ಬಿಣದಂತೆ ನಕ್ಷತ್ರವೂ ಬಿಸಿಯಾದಷ್ಟೂ ಕೆಂಪು ಬಿಟ್ಟು ನೀಲಿಯತ್ತ ಸರಿಯುತ್ತದೆ. ಅತಿ ಬಿಸಿಯಾಗಿ, ನೀಲಿಯನ್ನೂ ದಾಟಿ ನೇರಳಾತೀತ ಬೆಳಕು ಚೆಲ್ಲುವ ಭಾರೀ ನಕ್ಷತ್ರಗಳು ಬೇಗ ಉರಿದುಹೋಗುವುದರಿಂದ ಆ ಬೆಳಕು ಎಂದರೆ ನಕ್ಷತ್ರಗಳ ಈಚಿನ ಹೆರಿಗೆಯ ಗುರುತು. ಈ ಕನ್ನಡಿ 11 ನೀಲಿ ಕುಬ್ಜ ಗ್ಯಾಲಕ್ಸಿಗಳ ಹೊರ ಅಂಚಿನಲ್ಲಿ ಎಳೆಯ ನಕ್ಷತ್ರಗಳ ಗೊಂಚಲು ಕಂಡಿತು. ಈ ಗೊಂಚಲುಗಳು ಮೆಲ್ಲಗೆ ಒಳಕ್ಕೆ ಸರಿದು ಗ್ಯಾಲಕ್ಸಿಯ ನಡುಭಾಗವನ್ನು ಕಟ್ಟುತ್ತವೆ ಎಂಬುದು 2022ರಲ್ಲಿ ‘ನೇಚರ್’ ಪ್ರಕಟಿಸಿದ ಅಧ್ಯಯನದ ವಾದ.

ಆದರೆ ಚಿತ್ರ ವೇಗ ಹೇಳದು. ಆ ಗೊಂಚಲುಗಳ ಅನಿಲ ನಮ್ಮತ್ತ ಬರುತ್ತಿದೆಯೋ ದೂರ ಹೋಗುತ್ತಿದೆಯೋ ತಿಳಿಯಲು ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಆ ರೋಹಿತದ ಗೆರೆ ಎತ್ತ ಜರುಗಿದೆ ಎಂದು ಅಳೆಯಬೇಕು. ಗೆರೆ ಹರಡಿಕೊಂಡಿದ್ದರೆ ಒಳಗೆ ಕುದಿತ ಜೋರು. ಬಿಡಿಸಿದ ಬೆಳಕು ತೆಳುವಾಗುವುದರಿಂದ ಈ ಅಳತೆಗೆ ದೊಡ್ಡ ಕನ್ನಡಿ ಬೇಕು. ಐದೇ ವರ್ಷಕ್ಕೆಂದು ರೂಪಿಸಿದ ಆಸ್ಟ್ರೋಸ್ಯಾಟನ್ನೇ ಇನ್ನೂ ನೆಚ್ಚಿಕೊಂಡಿರಲಾಗದು. ಖಭೌತ ಸಂಸ್ಥೆಯೇ ಮುಂದಿಟ್ಟಿರುವ ಒಂದು ಮೀಟರ್ ಕನ್ನಡಿಯ ಬಾಹ್ಯಾಕಾಶ ದೂರದರ್ಶಕ ‘ಇನ್ಸಿಸ್ಟ್’ಗೆ ಕೇಂದ್ರ ಸರ್ಕಾರ ಹಣ ಒದಗಿಸಲಿ.