ಮರಳುಗಾಡಿನ ರೈಲು: ಕಟ್ಟುವುದಕ್ಕಿಂತ ಕಾಯುವುದೇ ಕಷ್ಟ

ಮರುಭೂಮಿಯಲ್ಲಿ ರೈಲು ಮಾರ್ಗಕ್ಕೆ ಎದುರಾಗುವ ಮೊದಲ ಸವಾಲು ಓಡಾಡುವ ಮರಳು. ಗಾಳಿ ಬೀಸಿದಾಗ ಮರಳಿನ ಕಣಗಳು ಪುಟಿಯುತ್ತ ಸಾಗುತ್ತವೆ. ಬಹುಪಾಲು ಕಣಗಳು ನೆಲಕ್ಕೆ ಹತ್ತಿರದಲ್ಲೇ ಚಲಿಸುತ್ತವೆ. ಹಳಿ ಇರುವುದೂ ಅಷ್ಟೇ ಎತ್ತರದಲ್ಲಿ. ಅಡ್ಡ ಸಿಕ್ಕಿದ ಹಳಿಯ ಬಳಿ ಗಾಳಿಯ ವೇಗ ಕುಂದಿ, ಹೊತ್ತು ತಂದ ಮರಳು ಅಲ್ಲೇ ರಾಶಿ ಬೀಳುತ್ತದೆ.

ಹಳಿ ಮುಚ್ಚಿದರೆ ಕಣ್ಣಿಗೆ ಕಾಣುತ್ತದೆ, ತೆಗೆಯಬಹುದು. ಜಲ್ಲಿಯ ಸಂದಿಗೆ ಇಳಿದ ಮರಳು ಹೆಚ್ಚು ಅಪಾಯಕಾರಿ. ರೈಲಿನ ಭಾರವನ್ನು ನೆಲಕ್ಕೆ ಹಂಚುವುದು, ಅದುರಿಕೆಯನ್ನು ನುಂಗಿಕೊಳ್ಳುವುದು, ಮಳೆನೀರನ್ನು ಬಸಿದುಹೋಗಲು ಬಿಡುವುದು ಜಲ್ಲಿಯ ಕೆಲಸ. ಸಂದುಗಳು ತುಂಬಿಕೊಂಡರೆ ಹಾಸು ಗಡುಸಾಗಿ, ಪೆಟ್ಟೆಲ್ಲ ಸ್ಲೀಪರ್ ಮತ್ತು ಹಳಿಯ ಮೇಲೆ ಬೀಳುತ್ತದೆ. ಗಾಲಿ ಮತ್ತು ಹಳಿಯ ನಡುವೆ ಸಿಕ್ಕ ಮರಳು ಎರಡನ್ನೂ ಸವೆಸುತ್ತದೆ.

ಎರಡನೆಯದು ಬಿಸಿಲು. ತಾಪಮಾನ 50 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ಒಂದು ಕಿ.ಮೀ. ಉದ್ದದ ಉಕ್ಕು ಅರ್ಧ ಮೀಟರಿಗೂ ಹೆಚ್ಚು ಹಿಗ್ಗಬೇಕು. ಬೆಸೆದ ಉದ್ದ ಹಳಿಗೆ ಹಿಗ್ಗಲು ಜಾಗವಿಲ್ಲ. ಹಾಗಾಗಿ ಒತ್ತಡ ಒಳಗೇ ಕೂಡಿಕೊಳ್ಳುತ್ತದೆ. ಜಲ್ಲಿಯ ಹಿಡಿತ ಸಡಿಲವಿದ್ದ ಕಡೆ ಹಳಿ ಪಕ್ಕಕ್ಕೆ ಸೊಟ್ಟಗಾಗುತ್ತದೆ.

ಮೂರನೆಯದು ನೀರು. ಅದು ಇಲ್ಲದಿದ್ದರೂ ತೊಂದರೆ, ಬಂದರೂ ತೊಂದರೆ. 1917ರಲ್ಲಿ ಪೂರ್ಣಗೊಂಡ ಆಸ್ಟ್ರೇಲಿಯಾದ ಪೋರ್ಟ್ ಅಗಸ್ಟಾ–ಕಲ್‌ಗೂರ್ಲಿ ಮಾರ್ಗ ತನ್ನ ಸುಮಾರು 1,700 ಕಿ.ಮೀ. ಹಾದಿಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯನ್ನೂ ದಾಟುವುದಿಲ್ಲ. ಉಪ್ಪಿನಂಶದ ಅಂತರ್ಜಲ ಹಬೆ ಎಂಜಿನ್‌ಗಳ ಬಾಯ್ಲರ್ ಕೆಡಿಸುತ್ತಿತ್ತು. 1951ರಲ್ಲಿ ಡೀಸೆಲ್ ಎಂಜಿನ್ ಬಂದ ಮೇಲೆಯೇ ಈ ಸಂಕಟ ತೀರಿತು. ಅದೇ ದೇಶದಲ್ಲಿ ಆಲಿಸ್ ಸ್ಪ್ರಿಂಗ್ಸ್‌ಗೆ ಹೋಗುತ್ತಿದ್ದ ಹಳೆಯ ‘ಘಾನ್’ ರೈಲಿನ ಮಾರ್ಗ ದಿಢೀರ್ ನೆರೆಗೆ ಪದೇ ಪದೇ ಕೊಚ್ಚಿಹೋಗುತ್ತಿತ್ತು. ಕೊನೆಗೆ ಅದನ್ನು ಕೈಬಿಟ್ಟು, 1980ರಲ್ಲಿ ಪಶ್ಚಿಮಕ್ಕೆ ಸರಿದ ಹೊಸ ಮಾರ್ಗಕ್ಕೆ ಹೋಗಬೇಕಾಯಿತು. ಮಳೆ ಅಪರೂಪವೆಂದು ಮೋರಿ, ಸೇತುವೆಗಳಲ್ಲಿ ಉಳಿಸಿದ ಹಣ ಹೀಗೆ ದುಬಾರಿಯಾಗುತ್ತದೆ.

ಮರಳಿಗೆ ಮದ್ದು ಹುಡುಕುವಲ್ಲಿ ಚೀನಾದ ಅನುಭವ ದೊಡ್ಡದು. ಟೆಂಗರ್ ಮರುಭೂಮಿಯ ಅಂಚಿನ ಶಾಪೋಟೋದಲ್ಲಿ 1950ರ ದಶಕದಲ್ಲಿ ಹುಲ್ಲನ್ನು ಒಂದು ಮೀಟರ್ ಚೌಕಗಳಾಗಿ ಮರಳಲ್ಲಿ ನೆಟ್ಟು ದಿಬ್ಬಗಳ ಓಟ ತಡೆಯಲಾಯಿತು. ಚೌಕಗಳು ನೆಲಮಟ್ಟದ ಗಾಳಿಯನ್ನು ತಗ್ಗಿಸುತ್ತವೆ; ಆ ಆಸರೆಯಲ್ಲಿ ಕುರುಚಲು ಗಿಡಗಳು ಬೇರೂರುತ್ತವೆ. 1958ರಿಂದ ಬಾವ್‌ಟೌ–ಲಾಂಜೌ ರೈಲು ಅಲ್ಲೇ ಓಡುತ್ತಿದೆ. 2022ರ ಜೂನ್‌ನಲ್ಲಿ ಆರಂಭವಾದ 825 ಕಿ.ಮೀ. ಉದ್ದದ ಹೋಟಾನ್–ರುವೊಚಿಯಾಂಗ್ ಮಾರ್ಗ ತಕ್ಲಮಕಾನ್ ಮರುಭೂಮಿಯ ಸುತ್ತ ರೈಲಿನ ಉಂಗುರವನ್ನು ಪೂರ್ಣಗೊಳಿಸಿತು. ಅಲ್ಲಿ ಹುಲ್ಲಿನ ಚೌಕ ಮತ್ತು ಗಿಡಗಳ ಜೊತೆಗೆ ಸುಮಾರು 50 ಕಿ.ಮೀ. ಸೇತುವೆಗಳಿವೆ. ಇವು ನದಿ ದಾಟಲು ಕಟ್ಟಿದವಲ್ಲ, ಮರಳು ಅಡಿಯಲ್ಲಿ ಹಾದುಹೋಗಲಿ ಎಂದು ಕಟ್ಟಿದವು.

ಈ ಉಪಾಯಗಳಿಗೆ ಒಂದು ಮಿತಿಯಿದೆ. ಹುಲ್ಲು ಕೊಳೆಯುತ್ತದೆ, ಗಿಡ ನೀರು ಕೇಳುತ್ತದೆ, ಮರಳು ತಡೆಯಲು ಹಾಕಿದ ಬೇಲಿಯ ಬುಡದಲ್ಲಿ ಮರಳು ಏರುತ್ತ ಬೇಲಿಯನ್ನೇ ಹೂಳುತ್ತದೆ. ಆದ್ದರಿಂದ ಕೆಲಸ ಉದ್ಘಾಟನೆಗೆ ಮುಗಿಯುವುದಿಲ್ಲ. 2018ರಲ್ಲಿ ಆರಂಭವಾದ ಮೆಕ್ಕಾ–ಮದೀನಾ ನಡುವಿನ, ಗಂಟೆಗೆ 300 ಕಿ.ಮೀ. ವೇಗದ ಹರಮೈನ್ ರೈಲು ಯೋಜನೆಯಲ್ಲಿ ಹಳಿ ಹಾಕಿ ರೈಲು ಒದಗಿಸಿದ ಸ್ಪೇನ್–ಸೌದಿ ಒಕ್ಕೂಟಕ್ಕೇ 12 ವರ್ಷಗಳ ಸಂಚಾರ ಮತ್ತು ನಿರ್ವಹಣೆಯ ಹೊಣೆ ಹೊರಿಸಿದ್ದು ವಿವೇಕದ ನಡೆ. ಕಟ್ಟಿದವರೇ ಕಾಯಬೇಕಾದಾಗ ನಿರ್ಮಾಣದಲ್ಲಿ ಅಗ್ಗದ ದಾರಿ ಹಿಡಿಯುವ ಆಸೆ ಕಡಿಮೆಯಾಗುತ್ತದೆ.

ಜೈಸಲ್ಮೇರ್, ಬಾಡ್ಮೇರ್ ಕಡೆಯ ಥಾರ್ ಮಾರ್ಗಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಮರುಭೂಮಿಯ ರೈಲು ಯೋಜನೆಯ ಅಂದಾಜುಪಟ್ಟಿಯಲ್ಲಿ ಹಳಿ, ಸೇತುವೆಗಳಷ್ಟೇ ಖಚಿತವಾಗಿ ಮರಳು ತೆಗೆಯುವ ಯಂತ್ರ, ಸಿಬ್ಬಂದಿ ಮತ್ತು ಹಸಿರು ಪಟ್ಟಿಯ ವಾರ್ಷಿಕ ವೆಚ್ಚವೂ ಇರಬೇಕು. ಅದಿಲ್ಲದ ಅಂದಾಜು ಅರ್ಧ ಅಂದಾಜು.