ಊರು ಬಿಡುವ ಮುನ್ನ ಒಂದು ಲೆಕ್ಕ

ಬೆಳಗಾವಿಯಿಂದ ಬೆಂಗಳೂರಿಗೆ 2025ರ ಆಗಸ್ಟ್‌ನಲ್ಲಿ ಆರಂಭವಾದ ವಂದೇ ಭಾರತ್ ರೈಲು ನಮ್ಮ ಮುಗದ ನಿಲ್ದಾಣವನ್ನು ನಿಲ್ಲದೆ ದಾಟಿಹೋಗುತ್ತದೆ. ಅದಕ್ಕೆ ಬೇಸರವೇನೂ ಇಲ್ಲ. ಅಂಥ ರೈಲು ನಿಲ್ಲುವಷ್ಟು ದೊಡ್ಡ ಊರು ನಮ್ಮದಲ್ಲ. ಆದರೆ ಊರಿನ ತರುಣರ ಮನಸ್ಸು ಆ ರೈಲಿನ ಜೊತೆಗೇ ದಕ್ಷಿಣಕ್ಕೆ ಓಡುತ್ತಿದೆ. ಕಳೆದ ತಿಂಗಳು ನನ್ನ ತಮ್ಮನ ಮಗ ಕೈಯಲ್ಲಿ ಬೆಂಗಳೂರಿನ ಕಂಪನಿಯೊಂದರ ನೇಮಕಾತಿ ಪತ್ರ ಹಿಡಿದು ಬಂದು, "ದೊಡ್ಡಪ್ಪಾ, ಹೋಗ್ಲೋ ಬ್ಯಾಡೋ ನೀವ ಹೇಳ್ರಿ" ಎಂದಾಗ ಈ ಪ್ರಶ್ನೆ ಒಬ್ಬನದಲ್ಲ ಎನಿಸಿತು. ಧಾರವಾಡ ಜಿಲ್ಲೆಯ ನೂರಾರು ಮಧ್ಯಮ ವರ್ಗದ ಮನೆಗಳಲ್ಲಿ ಇದೇ ಚರ್ಚೆ ನಡೆಯುತ್ತಿದೆ. ಆದರೆ ಬಹುಪಾಲು ಮನೆಗಳಲ್ಲಿ ಚರ್ಚೆ ಸಂಬಳದಿಂದ ಆರಂಭವಾಗಿ ಸಂಬಳದಲ್ಲೇ ಮುಗಿಯುತ್ತದೆ.

ಮೊದಲು ಸಂಬಳದ ಮಾತನ್ನೇ ನೋಡೋಣ. ಹುಬ್ಬಳ್ಳಿಯಲ್ಲಿ ಅವನಿಗೆ ತಿಂಗಳಿಗೆ 38 ಸಾವಿರ ರೂಪಾಯಿ. ಸ್ವಂತ ಮನೆ, ಹೊಲದ ಅಕ್ಕಿ. ಸಂಸಾರಕ್ಕೆ 20 ಸಾವಿರ, ಓಡಾಟಕ್ಕೆ 4 ಸಾವಿರ, ಮಗಳ ಶಾಲೆಗೆ 2 ಸಾವಿರ ಕಳೆದರೆ 12 ಸಾವಿರ ಉಳಿಯುತ್ತದೆ. ಬೆಂಗಳೂರಿನಲ್ಲಿ ಸಂಬಳ 70 ಸಾವಿರ. ಆದರೆ ಅಲ್ಲಿ ಅವನು ವಿಚಾರಿಸಿದ ಮನೆಯ ಬಾಡಿಗೆ, ನಿರ್ವಹಣಾ ಶುಲ್ಕ ಸೇರಿ 22 ಸಾವಿರ. ಶಾಲೆ ಮತ್ತು ಶಾಲಾ ವಾಹನಕ್ಕೆ 9 ಸಾವಿರ. ಸಂಸಾರಕ್ಕೆ 24 ಸಾವಿರ. ನಗರದೊಳಗಿನ ಓಡಾಟಕ್ಕೆ 4 ಸಾವಿರ. ಹಬ್ಬ, ಮದುವೆ, ಕಾಯಿಲೆಗಳಿಗಾಗಿ ಊರಿಗೆ ಬಂದುಹೋಗುವ ಖರ್ಚು ತಿಂಗಳ ಸರಾಸರಿಯಲ್ಲಿ 3 ಸಾವಿರ. ಒಟ್ಟು 62 ಸಾವಿರ. ಉಳಿಯುವುದು 8 ಸಾವಿರ. ಸಂಬಳ ಹೆಚ್ಚುಕಡಿಮೆ ಇಮ್ಮಡಿಯಾದರೂ ಉಳಿತಾಯ ಮೂರನೇ ಒಂದು ಭಾಗದಷ್ಟು ಕುಗ್ಗುತ್ತದೆ.

ಇದನ್ನು ನೋಡಿ "ಹಾಗಾದರೆ ಹೋಗಬೇಡ" ಎಂದುಬಿಡುವುದು ಸುಲಭ. ಅದು ಪೂರ್ಣ ಸತ್ಯವಲ್ಲ. ಮಹಾನಗರದಲ್ಲಿ ಒಂದು ಕೆಲಸ ಹೋದರೆ ಇನ್ನೊಂದು ಸಿಗುವ ಸಾಧ್ಯತೆ ಇಲ್ಲಿಗಿಂತ ಹೆಚ್ಚು. ಐದು ವರ್ಷಗಳಲ್ಲಿ ಸಂಬಳ ಬೆಳೆಯುವ ವೇಗವೂ ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ ಅವನ ಹೆಂಡತಿ ಎಂ.ಕಾಂ. ಪದವೀಧರೆ. ಮದುವೆಯಾಗಿ ಮುಗದಕ್ಕೆ ಬಂದ ಮೇಲೆ ಆಕೆಯ ಓದು ಉಪಯೋಗಕ್ಕೆ ಬಂದಿಲ್ಲ. 2011ರ ಜನಗಣತಿ ದೇಶದಲ್ಲಿ ಸುಮಾರು 45 ಕೋಟಿ ವಲಸಿಗರನ್ನು ಲೆಕ್ಕ ಹಾಕಿತು. ಅವರಲ್ಲಿ ಮಹಿಳೆಯರು ಸ್ಥಳಾಂತರಗೊಳ್ಳಲು ಅತಿ ದೊಡ್ಡ ಕಾರಣ ಮದುವೆ. ಒಮ್ಮೆ ಮದುವೆಗಾಗಿ ಊರು ಬಿಟ್ಟವಳನ್ನು ಎರಡನೆಯ ಸಲ ಗಂಡನ ನೌಕರಿಗಾಗಿ ಊರು ಬಿಡಿಸುವಾಗ ಆಕೆಯ ಅಭಿಪ್ರಾಯವನ್ನು ಕೇಳುವ ಮನೆಗಳು ಕಡಿಮೆ. ನಾವು ಕೇಳಿದೆವು. ಅಲ್ಲಿ ಕೆಲಸ ಸಿಕ್ಕರೆ ಹೋಗಲು ತನಗೆ ಮನಸ್ಸಿದೆ ಎಂದಳು.

ಇಲ್ಲಿ ಲೆಕ್ಕದ ಕಾಗದದ ಮೇಲೆ ಬರೆಯದೇ ಉಳಿದ ಒಂದು ಬಾಬ್ತು ಹೊರಬಂತು. ಇಬ್ಬರೂ ದುಡಿಯಲು ಹೋದರೆ ಏಳು ವರ್ಷದ ಮಗುವನ್ನು ಮಧ್ಯಾಹ್ನದ ಮೇಲೆ ನೋಡಿಕೊಳ್ಳುವವರು ಯಾರು? ಎಲ್ಲರ ಕಣ್ಣೂ ನನ್ನ ತಮ್ಮನ ಹೆಂಡತಿಯ ಕಡೆಗೆ ತಿರುಗಿತು. ತಮ್ಮ ತೀರಿಕೊಂಡ ಮೇಲೆ ಹೊಲ, ಮನೆ ಎರಡನ್ನೂ ಹಿಡಿದು ನಿಲ್ಲಿಸಿದವಳು ಆಕೆ. "ನಾ ಬಂದ್ರ ಮನ್ಯಾಗ ದೀಪಾ ಹಚ್ಚಾವ್ರು ಯಾರೋ?" ಎಂದಷ್ಟೇ ಕೇಳಿದಳು. ನಗರದ ಎರಡು ಸಂಬಳದ ಸಂಸಾರಗಳು ಅಜ್ಜಿಯರ ಸಂಬಳವಿಲ್ಲದ ದುಡಿಮೆಯ ಮೇಲೆ ನಿಂತಿವೆ. ಆ ಅಜ್ಜಿ ತನ್ನ ಊರು, ಗೆಳತಿಯರು, ಭಾಷೆಯ ಸೊಗಡು ಎಲ್ಲವನ್ನೂ ಬಿಟ್ಟು ನಾಲ್ಕನೇ ಮಹಡಿಯ ಮನೆಯಲ್ಲಿ ಹಗಲೆಲ್ಲ ಕೂಡಬೇಕು. ಆಕೆಯನ್ನು ಕೇಳದೆ ಮಾಡಿದ ತೀರ್ಮಾನ ವರ್ಷದೊಳಗೆ ಮುರಿದುಬೀಳುವುದನ್ನು ಬೆಂಗಳೂರಿನಲ್ಲಿದ್ದಾಗ ಅಕ್ಕಪಕ್ಕದ ಮನೆಗಳಲ್ಲಿ ಕಂಡಿದ್ದೇನೆ.

ಇನ್ನು ಈ ಪ್ರಶ್ನೆಯ ಸಾರ್ವಜನಿಕ ಮುಖ. ಊರು ಬಿಡುವುದು ವೈಯಕ್ತಿಕ ತೀರ್ಮಾನದಂತೆ ಕಂಡರೂ ಯಾವ ದಿಕ್ಕಿಗೆ ಹೋಗಬೇಕೆಂಬುದನ್ನು ಬಹುಮಟ್ಟಿಗೆ ಸರ್ಕಾರದ ತೀರ್ಮಾನಗಳೇ ನಿರ್ಧರಿಸುತ್ತವೆ. ಧಾರವಾಡ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ನಮ್ಮ ಹಿರಿಯರು ನೋಡುತ್ತಿದ್ದುದು ಪುಣೆ, ಮುಂಬೈಗಳತ್ತ. 1956ರ ನವೆಂಬರ್ 1ರಂದು ರಾಜ್ಯ ಒಂದಾದ ಮೇಲೆ ದಿಕ್ಕು ಬೆಂಗಳೂರಿಗೆ ತಿರುಗಿತು. ಇದೇ ಅವಧಿಯಲ್ಲಿ ಇಲ್ಲಿಗೆ ಬಂದ ಒಂದೊಂದು ಸಂಸ್ಥೆಯೂ ಊರು ಬಿಡುವ ಒಂದೊಂದು ಕಾರಣವನ್ನು ಅಳಿಸಿದೆ. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾದ ಮೇಲೆ ಪದವಿಗಾಗಿ ಪುಣೆಗೆ ಹೋಗಬೇಕಾದ ಅನಿವಾರ್ಯ ತಪ್ಪಿತು. ಮುಂಬೈಯಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ 1950ರಲ್ಲಿ ಧಾರವಾಡಕ್ಕೆ ಬಂತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡ ನೈರುತ್ಯ ರೈಲ್ವೆ ವಲಯ, 2008ರಲ್ಲಿ ಹೈಕೋರ್ಟ್‌ನ ಸಂಚಾರಿ ಪೀಠ, 2013ರಲ್ಲಿ ಅದೇ ಕಾಯಂ ಪೀಠ, 2016ರಲ್ಲಿ ಐಐಟಿ ಬಂದವು. ಹೈಕೋರ್ಟ್ ಪೀಠ ಬರುವ ಮುನ್ನ ಒಂದು ಜಮೀನು ವ್ಯಾಜ್ಯದ ಮೇಲ್ಮನವಿಗಾಗಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಮುಂದಿನ ತಾರೀಖು ಪಡೆದು ಬರುತ್ತಿದ್ದ ರೈತರನ್ನು ಬಲ್ಲವರಿಗೆ ಇದರ ಅರ್ಥ ಗೊತ್ತು.

ಆದರೆ ವಿದ್ಯಾಸಂಸ್ಥೆಗಳು ಬಂದಷ್ಟು ಸುಲಭವಾಗಿ ಉದ್ಯೋಗ ಬರಲಿಲ್ಲ. ಅವಳಿ ನಗರ ಇಂದು ಪದವೀಧರರನ್ನು ತಯಾರಿಸಿ ಹೊರಗೆ ಕಳಿಸುವ ಊರಾಗಿದೆ. ಪ್ರಾದೇಶಿಕ ಅಸಮತೋಲನ ಕುರಿತು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಅದೇ ವಿಷಯ ಪರಿಶೀಲಿಸಲು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ರಚಿಸಬೇಕಾಯಿತು. ನಡುವಿನ ಎರಡು ದಶಕ ಏನಾಯಿತೆಂಬುದಕ್ಕೆ ಇದೇ ಸಾಕ್ಷಿ. 2020ರ ಲಾಕ್‌ಡೌನ್ ಕಾಲದಲ್ಲಿ ಬೆಂಗಳೂರಿನ ಕಚೇರಿಗಳ ಕೆಲಸ ನಮ್ಮೂರಿನ ಪಡಸಾಲೆಗಳಿಂದಲೇ ನಡೆಯಿತು. ಬೆಂಗಳೂರಿನಾಚೆಗೆ ತಂತ್ರಜ್ಞಾನ ಉದ್ಯಮವನ್ನು ಹರಡುವ ರಾಜ್ಯದ ಯೋಜನೆಯಲ್ಲಿ ಹುಬ್ಬಳ್ಳಿ–ಧಾರವಾಡ–ಬೆಳಗಾವಿಯನ್ನು ಒಂದು ಸಮೂಹವಾಗಿ ಗುರುತಿಸಲಾಗಿದೆ. ಕಚೇರಿಗಳು ನೌಕರರನ್ನು ಮರಳಿ ಕರೆದಾಗ ಮಾತ್ರ ಪಡಸಾಲೆಗಳು ಮತ್ತೆ ಖಾಲಿಯಾದವು.

ಇದರಿಂದ ಬೆಂಗಳೂರಿಗಾದರೂ ಲಾಭವಾಗಿದೆಯೇ? 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರ್‌ಗಳಿಗೆ ಕಾದು ನಿಂತ ಬಡಾವಣೆಗಳನ್ನು ದೇಶವೇ ನೋಡಿತು. ನೂರು ಕಿಲೋಮೀಟರ್ ದೂರದಿಂದ ಮೇಲೆತ್ತಿ ತರುವ ಕಾವೇರಿ ನೀರಿನ ಐದನೇ ಹಂತ ಅದೇ ವರ್ಷದ ಅಕ್ಟೋಬರ್‌ನಲ್ಲಿ ಚಾಲನೆಗೊಂಡಿತು. ಹಾಗೆಂದು ನಾವು ಬೀಗುವಂತಿಲ್ಲ. ಮಲಪ್ರಭೆಯ ನೀರು ಅವಳಿ ನಗರಕ್ಕೆ ಬಂದು ನಾಲ್ಕು ದಶಕ ಕಳೆದಿವೆ. 2008ರಲ್ಲಿ ಕೆಲವು ವಾರ್ಡುಗಳಲ್ಲಿ ದಿನವಿಡೀ ನೀರು ಕೊಡುವ ಪ್ರಯೋಗ ದೇಶದ ಗಮನ ಸೆಳೆದರೂ ಉಳಿದ ಬಡಾವಣೆಗಳು ಎಷ್ಟೋ ವರ್ಷ ಹಲವು ದಿನಗಳಿಗೊಮ್ಮೆ ಬರುವ ನಳಕ್ಕೆ ಕಾದವು. 2011ರ ಜನಗಣತಿಯಂತೆ 9.43 ಲಕ್ಷ ಜನರಿದ್ದ ನಗರಕ್ಕೇ ನೀರು ಕೊಡಲು ಹೆಣಗಿದ ಆಡಳಿತ, ತರುಣರನ್ನು ಇಲ್ಲೇ ಉಳಿಯಿರೆಂದು ಯಾವ ಬಾಯಿಂದ ಹೇಳೀತು? ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ರಚಿಸಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿತು. ಪಾಲಿಕೆ ಒಂದಿರಲಿ ಎರಡಿರಲಿ, ಅದರ ಯಶಸ್ಸನ್ನು ಅಳೆಯಬೇಕಾದುದು ನಳದಲ್ಲಿ ಬರುವ ನೀರಿನಿಂದ ಮತ್ತು ಊರಿನಲ್ಲಿ ಉಳಿಯುವ ಪದವೀಧರರಿಂದ.

ಸಂಸ್ಥೆಗಳು ಬದಲಾಗುವವರೆಗೆ ಕುಟುಂಬಗಳು ಕಾಯಲಾರವು. ಹೋಗುವವರು ಸಿದ್ಧತೆ ಮಾಡಿಕೊಂಡು ಹೋಗಲಿ ಎಂಬುದು ನನ್ನ ವಿನಂತಿ. ಮೊದಲನೆಯದು ಮನೆಯ ಮುಂಗಡ. ಬೆಂಗಳೂರಿನಲ್ಲಿ ಹಲವು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಕೇಳುವ ರೂಢಿ ಹೋಗಿಲ್ಲ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಸೂಚಿಸುತ್ತದೆ. ಅದು ಮಾದರಿಯಷ್ಟೇ, ರಾಜ್ಯ ಅಳವಡಿಸಿಕೊಳ್ಳದೆ ಬಾಡಿಗೆದಾರನಿಗೆ ರಕ್ಷಣೆಯಾಗದು. ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾದ್ದರಿಂದಲೇ ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದಿದೆ. ಮುಂಗಡ ಹಿಂದಿರುಗಿಸುವ ಷರತ್ತು, ಬಣ್ಣ ಬಳಿಯುವ ಖರ್ಚು ಯಾರದೆಂಬುದು ಕರಾರಿನಲ್ಲಿ ಬರಹದಲ್ಲಿರಲಿ. ಎರಡನೆಯದು ಮಕ್ಕಳ ಶಾಲೆ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ವರ್ಗಾವಣೆ ಪ್ರಮಾಣಪತ್ರವನ್ನು ಕೂಡಲೇ ಕೊಡಬೇಕು. ಅದು ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಎಂಟನೇ ತರಗತಿವರೆಗಿನ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಆದರೂ ವರ್ಷದ ನಡುವೆ ಮಗುವನ್ನು ಕಿತ್ತು ನೆಡುವುದಕ್ಕಿಂತ ಜೂನ್‌ವರೆಗೆ ಕಾಯುವುದು ಲೇಸು. ಮೂರನೆಯದು ಮತದಾರರ ಪಟ್ಟಿ. ವಿಳಾಸ ಬದಲಿಸಲು ನಮೂನೆ 8 ಸಾಕು. ಊರಿನಲ್ಲೂ ಇಲ್ಲದ, ನಗರದಲ್ಲೂ ಮತ ಹಾಕದ ಒಂದು ದೊಡ್ಡ ವರ್ಗ ಬೆಳೆಯುವುದು ಎರಡೂ ಊರುಗಳಿಗೆ ಹಾನಿ.

ನಾಲ್ಕನೆಯದನ್ನು ನನ್ನ ಅನುಭವದಿಂದ ಹೇಳಬೇಕು. 1998ರಲ್ಲಿ ವರ್ಗವಾಗಿ ನಾನು ಬೆಂಗಳೂರಿಗೆ ಹೋದೆ. 2004ರಲ್ಲಿ ಅಲ್ಲಿ ಫ್ಲ್ಯಾಟ್ ಕೊಳ್ಳುವ ಆತುರದಲ್ಲಿ ನನ್ನ ಪಾಲಿಗೆ ಬಂದಿದ್ದ ಎರಡು ಎಕರೆ ಮಾರಿದೆ. ಕೂರಿಗೆಯಿಂದ ಭತ್ತ ಬಿತ್ತುವ, ಮಳೆಯನ್ನೇ ನೆಚ್ಚಿದ ಹೊಲ ಅದು. ಇಂಥ ಹೊಲಗಳ ಊರೆಂದೇ ಇಲ್ಲಿ ಭತ್ತದ ಸಂಶೋಧನಾ ಕೇಂದ್ರವಿದೆ. ನಿವೃತ್ತಿಯ ನಂತರ ಮರಳಿದಾಗ ಉತಾರದಲ್ಲಿ ಬೇರೆಯವರ ಹೆಸರಿತ್ತು, ಬೆಲೆ ನನ್ನ ಕೈಗೆ ನಿಲುಕದಂತಿತ್ತು. 2020ರ ತಿದ್ದುಪಡಿಯಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ರದ್ದಾದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಹೀಗಾಗಿ ಧಾರವಾಡದ ಸುತ್ತ ಮಾರುವುದು ಇಂದು ಬಲು ಸುಲಭ, ಮರಳಿ ಕೊಳ್ಳುವುದು ಕಷ್ಟ. ಇತ್ತ ಗೇಣಿ ನಿಷೇಧದ 1974ರ ಕಾನೂನಿನ ಭಯದಿಂದ ಹೊಲವನ್ನು ಬರಹದಲ್ಲಿ ಲಾವಣಿಗೆ ಕೊಡಲು ಊರು ಬಿಡುವವರು ಅಂಜುತ್ತಾರೆ. ಬೀಳು ಬಿಡುವುದು ಅಥವಾ ಮಾರುವುದು ಎಂಬ ಇಕ್ಕಟ್ಟಿಗೆ ಕಾನೂನೇ ಅವರನ್ನು ತಳ್ಳುತ್ತಿದೆ. ಮಾಲೀಕನ ಹಕ್ಕಿಗೂ ಉಳುವವನ ಬೆಳೆಗೂ ಭದ್ರತೆ ಕೊಡುವ ಅಲ್ಪಾವಧಿ ಲಾವಣಿಯ ವ್ಯವಸ್ಥೆಯೊಂದನ್ನು ರಾಜ್ಯ ಯೋಚಿಸಬೇಕು.

ತಮ್ಮನ ಮಗನಿಗೆ ನಾನು ಕೊಟ್ಟ ಉತ್ತರ ಇಷ್ಟೇ: ಮೊದಲು ನೀನೊಬ್ಬನೇ ಹೋಗು, ಆರು ತಿಂಗಳು ಕೋಣೆ ಮಾಡಿಕೊಂಡಿರು. ಅಷ್ಟರಲ್ಲಿ ಹೆಂಡತಿಗೆ ಅಲ್ಲಿ ಕೆಲಸ ಸಿಗುವುದೋ ನೋಡು. ಸಿಕ್ಕರೆ ಜೂನ್‌ನಲ್ಲಿ ಸಂಸಾರ ಒಯ್ಯಿ, ಅವ್ವನನ್ನು ಒತ್ತಾಯ ಮಾಡಬೇಡ. ಮಗುವಿಗೆ ಸಂಬಳ ಕೊಟ್ಟು ಆರೈಕೆ ಹೊಂದಿಸಲಾಗುವುದೇ ಎಂದು ಲೆಕ್ಕದಲ್ಲಿ ಸೇರಿಸು. ಸಿಗದಿದ್ದರೆ ಅನುಭವದೊಂದಿಗೆ ಹುಬ್ಬಳ್ಳಿಗೆ ಮರಳಲು ಸಂಕೋಚ ಬೇಡ. ಎರಡೂ ಸ್ಥಿತಿಯಲ್ಲಿ ಹೊಲ ಮಾರಬೇಡ. ಅವನು ಒಪ್ಪಿದ್ದಾನೆ. ಮುಂದಿನ ವಾರ ಧಾರವಾಡದಿಂದ ರೈಲು ಹತ್ತುತ್ತಾನೆ. ಅವನ ಅವ್ವ ಈ ಸಲದ ಬಿತ್ತನೆಗೆ ಕೂರಿಗೆಯನ್ನು ಹೊರಗೆ ತೆಗೆಸಿದ್ದಾಳೆ.