ಸೇವಕನನ್ನು ಕೆಲಸದಿಂದ ತೆಗೆಯುವವರು ಯಾರು?

ಕಳೆದ ತಿಂಗಳು ಒಂದು ಕಾಲೇಜಿನ ವಿಚಾರ ಸಂಕಿರಣಕ್ಕೆ ಹೋಗಿದ್ದೆ. ನಾಯಕತ್ವದ ಕುರಿತು ಮಾತನಾಡಿದ ಉಪನ್ಯಾಸಕರೊಬ್ಬರು ಪರದೆಯ ಮೇಲೆ ಎರಡು ಕಾಲಮ್ಮಿನ ಪಟ್ಟಿ ತೋರಿಸಿದರು. ಎಡಕ್ಕೆ ‘ಲೌಕಿಕ ನಾಯಕ’: ಅಧಿಕಾರ, ಪೈಪೋಟಿ, ಅಹಂಕಾರ. ಬಲಕ್ಕೆ ‘ಕ್ರೈಸ್ತ ನಾಯಕ’: ಸೇವೆ, ತ್ಯಾಗ, ವಿನಯ. ಕೆಳಗೆ ಶಿಷ್ಯರ ಪಾದ ತೊಳೆಯುತ್ತಿರುವ ಯೇಸುವಿನ ಚಿತ್ರ. ಪ್ರಶ್ನೆ ಕೇಳುವ ಹೊತ್ತಿಗೆ ನಾನು ಎದ್ದು ನಿಂತೆ. ‘ಸರ್, ಬಲಗಡೆಯ ನಾಯಕ ತಪ್ಪು ಮಾಡಿದರೆ ಅವನನ್ನು ಕೆಳಗಿಳಿಸುವವರು ಯಾರು?’ ಅವರು ನಕ್ಕು, ‘ದೇವರು’ ಎಂದರು. ಸಭೆ ಚಪ್ಪಾಳೆ ತಟ್ಟಿತು.

ನನ್ನ ತಕರಾರು ಆ ಚಪ್ಪಾಳೆಯ ಮೇಲೆ.

ಮೊದಲಿಗೆ, ಆ ಎರಡು ಕಾಲಮ್ಮುಗಳ ನಡುವಿನ ಗೆರೆಯೇ ಸುಳ್ಳು. ಇವತ್ತು ಧ್ಯಾನಕೂಟಗಳಲ್ಲೂ ಕಂಪನಿಗಳ ತರಬೇತಿ ಶಿಬಿರಗಳಲ್ಲೂ ಒಂದೇ ಉಸಿರಿನಲ್ಲಿ ಕೇಳಿಬರುವ ‘ಸೇವಕ ನಾಯಕತ್ವ’ ಎಂಬ ಮಾತನ್ನು ಚಲಾವಣೆಗೆ ತಂದವನು ಪಾದ್ರಿಯಲ್ಲ. ಅಮೆರಿಕದ ಎಟಿ ಅಂಡ್ ಟಿ ಟೆಲಿಫೋನ್ ಕಂಪನಿಯಲ್ಲಿ ದುಡಿದು ನಿವೃತ್ತನಾದ ರಾಬರ್ಟ್ ಗ್ರೀನ್‌ಲೀಫ್, 1970ರ ಒಂದು ಪ್ರಬಂಧದಲ್ಲಿ. ಆತ ಕ್ವೇಕರ್ ಪಂಥದವನು ನಿಜ. ಆದರೆ ಈ ಕಲ್ಪನೆ ಹೊಳೆದದ್ದು ಹರ್ಮನ್ ಹೆಸ್ಸೆಯ ‘ಪೂರ್ವದ ಪಯಣ’ ಕಾದಂಬರಿ ಓದಿದಾಗ ಎಂದು ಅವನೇ ಹೇಳಿಕೊಂಡಿದ್ದಾನೆ. ಇನ್ನು ಎಡಗಡೆಯ ಕಾಲಮ್ಮಿನವರು ಸದಾ ಜಪಿಸುವ ‘ಕರಿಸ್ಮಾ’? ಅದನ್ನು ಸಮಾಜಶಾಸ್ತ್ರಕ್ಕೆ ತಂದ ಮ್ಯಾಕ್ಸ್ ವೇಬರ್ ಎತ್ತಿಕೊಂಡದ್ದು ಆದಿ ಕ್ರೈಸ್ತ ಸಭೆಯ ಬಗ್ಗೆ ಬರೆದ ರುಡಾಲ್ಫ್ ಸೋಮ್‌ನಿಂದ. ಸಾಲ ಎರಡೂ ಕಡೆ ಇದೆ.

ಅದಿರಲಿ. ‘ಸೇವಕ’ ಎಂಬ ಪದವನ್ನೇ ನೋಡೋಣ. ನಮ್ಮೂರುಗಳಲ್ಲಿ ಆಳು ಎಂದರೆ ಯಾರು? ಒಡೆಯನಿಗೆ ಬೇಡವಾದರೆ ನಾಳೆಯಿಂದ ಬರಬೇಡ ಎನ್ನಿಸಿಕೊಳ್ಳುವವನು. ಲೆಕ್ಕ ಒಪ್ಪಿಸಬೇಕಾದವನು. ವೇದಿಕೆಯ ಮೇಲೆ ನಿಂತು ‘ನಾನು ನಿಮ್ಮ ಸೇವಕ’ ಎನ್ನುವವರು ಆಳಿನ ವಿನಯವನ್ನು ಮಾತ್ರ ತೆಗೆದುಕೊಂಡು ಆಳಿನ ಅಭದ್ರತೆಯನ್ನು ಬಾಗಿಲಾಚೆ ಬಿಟ್ಟು ಬಂದಿರುತ್ತಾರೆ. ಸೇವೆ ಪಡೆದವರು ತೆಗೆದುಹಾಕಲಾಗದ ಸೇವಕ ಒಡೆಯನೇ.

ಯೋಹಾನನ ಸುವಾರ್ತೆಯ 13ನೇ ಅಧ್ಯಾಯವನ್ನು ನಮ್ಮ ಬೋಧಕರು ಅರ್ಧಕ್ಕೇ ನಿಲ್ಲಿಸುತ್ತಾರೆ. ಪಾದ ತೊಳೆದು ಮತ್ತೆ ಬಂದು ಕೂತ ಯೇಸು, ನೀವು ನನ್ನನ್ನು ಗುರು, ಒಡೆಯ ಎಂದು ಕರೆಯುತ್ತೀರಿ, ಅದು ಸರಿಯೇ ಎನ್ನುತ್ತಾನೆ. ಬಟ್ಟೆ ಸುತ್ತಿಕೊಂಡು ನೆಲದ ಮೇಲೆ ಕೂತಾಗಲೂ ಒಡೆತನ ಹೋಗಿರಲಿಲ್ಲ. ನಂಬುವವರ ದೃಷ್ಟಿಯಲ್ಲಿ ಆತನಿಗೆ ಅದು ಸಲ್ಲುತ್ತದೆ. ಆದರೆ ಆತನನ್ನು ಅನುಕರಿಸುವ ಸಭಾಪಾಲಕನಿಗೆ, ಆಶ್ರಮದ ಸ್ಥಾಪಕನಿಗೆ, ಸಂಸ್ಥೆಯ ನಿರ್ದೇಶಕನಿಗೆ?

ಜಾನ್ ವಾನಿಯೇ ಕತೆ ಗೊತ್ತಿಲ್ಲದವರು ಈ ಚರ್ಚೆಗೆ ಬರಬಾರದು ಅನ್ನಿಸುತ್ತದೆ. ಕೆನಡಾದವರು, ನೌಕಾಪಡೆ ಬಿಟ್ಟು ಬಂದವರು. 1964ರಲ್ಲಿ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಬುದ್ಧಿಮಾಂದ್ಯರೆಂದು ಲೋಕ ದೂರವಿಟ್ಟವರ ಜೊತೆ ಒಂದೇ ಮನೆಯಲ್ಲಿ ಬದುಕತೊಡಗಿದರು. ಅದೇ ‘ಲಾರ್ಶ್’ ಆಗಿ ಹಲವು ದೇಶಗಳಿಗೆ ಹರಡಿತು. ಭಾರತದಲ್ಲಿ ಅದರ ಮೊದಲ ಮನೆ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, 1970ರಲ್ಲಿ, ‘ಆಶಾ ನಿಕೇತನ’ ಎಂಬ ಹೆಸರಲ್ಲಿ. ಪಾದ ತೊಳೆಯುವ ಆಚರಣೆ ಲಾರ್ಶ್ ಬದುಕಿನ ನಡುಮನೆಯಲ್ಲಿತ್ತು. ಅದರ ಬಗ್ಗೆ ವಾನಿಯೇ ಎಷ್ಟೋ ಬರೆದರು, ಮಾತಾಡಿದರು. 2015ರಲ್ಲಿ ಟೆಂಪಲ್ಟನ್ ಪ್ರಶಸ್ತಿ ಬಂತು. ಬದುಕಿದ್ದಾಗಲೇ ಸಂತ ಎನ್ನಿಸಿಕೊಂಡರು. ಅವರ ಪುಸ್ತಕ ಓದಿ ನಾನೂ ಒಂದು ರಾತ್ರಿ ನಿದ್ದೆಗೆಟ್ಟವಳೇ.

2019ರ ಮೇ ತಿಂಗಳಲ್ಲಿ ತೀರಿಕೊಂಡರು. 2020ರ ಫೆಬ್ರವರಿಯಲ್ಲಿ ಲಾರ್ಶ್ ಸಂಸ್ಥೆಯೇ ತನಿಖೆಯ ವರದಿ ಹೊರಗಿಟ್ಟಿತು: ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಲ್ಲಿ ಆರು ಮಹಿಳೆಯರ ಮೇಲೆ ಲೈಂಗಿಕ ದುರ್ಬಳಕೆ. 2023ರ ಇನ್ನೊಂದು ವರದಿಯಲ್ಲಿ ಆ ಸಂಖ್ಯೆ ಕನಿಷ್ಠ ಇಪ್ಪತ್ತೈದಕ್ಕೆ ಏರಿತು. ಅವರ ಗುರು ತೋಮಾ ಫಿಲಿಪ್ಪನಿಗೆ ಇಂಥದೇ ಕಾರಣಕ್ಕೆ 1956ರಲ್ಲೇ ವ್ಯಾಟಿಕನ್ ಶಿಕ್ಷೆ ವಿಧಿಸಿತ್ತು; ಶಿಷ್ಯನಿಗೆ ಅದು ಗೊತ್ತಿತ್ತು.

‘ಒಬ್ಬ ಕೆಟ್ಟವನಿಂದ ತತ್ವ ಕೆಡುವುದಿಲ್ಲ’ ಎಂಬ ಸಮಾಧಾನ ನನಗೆ ರುಚಿಸುವುದಿಲ್ಲ. ಇಲ್ಲಿ ವಿನಯ ಮೋಸದ ಮೇಲೆ ಹೊದಿಸಿದ ಹೊದಿಕೆ ಮಾತ್ರ ಆಗಿರಲಿಲ್ಲ. ಮೋಸ ನಡೆದದ್ದೇ ಅದರ ಬಲದಿಂದ. ದರ್ಪದ ಮೇಲಧಿಕಾರಿಯ ವಿರುದ್ಧ ದೂರು ಕೊಟ್ಟರೆ ನಾಲ್ಕು ಜನ ನಂಬುತ್ತಾರೆ. ಪಾದ ತೊಳೆಯುವವನ ವಿರುದ್ಧ? ಸಂಶೋಧನಾ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ನೀನು ನನ್ನ ಮಗಳಿದ್ದ ಹಾಗೆ’ ಎನ್ನುವ ಗೈಡಿಗಿಂತ ನಿಯಮದ ಪುಸ್ತಕ ತೆರೆದಿಡುವ ಸಿಡುಕು ಗೈಡೇ ವಾಸಿ ಎಂದು ನಮ್ಮ ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ಗೊತ್ತು.

ಹಾಗೆಂದು ಎಡಗಡೆಯ ಕಾಲಮ್ಮಿನ ವಕಾಲತ್ತು ನನ್ನದಲ್ಲ. ಜನರನ್ನು ಕೆಲಸದಿಂದ ಕಿತ್ತುಹಾಕುವ ಪತ್ರದಲ್ಲೇ ತಾನು ಸೇವಕ ನಾಯಕ ಎಂದು ಬರೆದುಕೊಳ್ಳಬಲ್ಲ ಕಂಪನಿ ಮುಖ್ಯಸ್ಥನಿಗೂ ಆ ಬೋಧಕನಿಗೂ ಫರಕಿಲ್ಲ. ಆದರೆ ಸೆಕ್ಯುಲರ್ ಚಿಂತನೆ ನಮಗೆ ಕೊಟ್ಟ ಬೆಲೆಬಾಳುವ ವಸ್ತು ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿಲ್ಲ, ಅದು ಅಪನಂಬಿಕೆ. ಗ್ರಾಮ ಪಂಚಾಯತಿ ಅಧ್ಯಕ್ಷರು ವಿನಯವಂತರೇ ಎಂದು ಕಾನೂನು ಕೇಳುವುದಿಲ್ಲ, ಅವಿಶ್ವಾಸ ನಿರ್ಣಯ ತರುವುದು ಹೇಗೆಂದು ಹೇಳುತ್ತದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದೂ ಇದನ್ನೇ: ಧರ್ಮದಲ್ಲಿ ಭಕ್ತಿ ಮೋಕ್ಷಕ್ಕೆ ದಾರಿಯಾದೀತು, ರಾಜಕೀಯದಲ್ಲಿ ಅದು ಸರ್ವಾಧಿಕಾರಕ್ಕೆ ದಾರಿ. ಅವರೊಡನೆ ನನ್ನದೊಂದು ಸಣ್ಣ ಜಗಳವಿದೆ. ಧರ್ಮದೊಳಗೂ ನಾಯಕನ ಮೇಲಿನ ಭಕ್ತಿ ಮೋಕ್ಷಕ್ಕೆ ಒಯ್ಯುವುದು ನನಗೆ ಕಂಡಿಲ್ಲ.

ಬಿಷಪ್ಪರನ್ನು ಆರಿಸಲು ಮತದಾನವಿದೆ, ಸಿನೊಡ್ ಇದೆ ಎಂದು ಕೆಲವರು ನೆನಪಿಸುತ್ತಾರೆ. ಇದೆ, ಸಂತೋಷ. ಆದರೆ ವೇದಿಕೆಯ ಮೇಲೆ ಅದನ್ನು ಕ್ರೈಸ್ತ ನಾಯಕತ್ವದ ಗುಣವೆಂದು ಹೇಳಿದ್ದನ್ನು ನಾನು ಕೇಳಿಲ್ಲ. ಅದೇಕೋ ಅದು ಆಡಳಿತದ ಪಾಲಾಗುತ್ತದೆ, ಪಾದ ತೊಳೆಯುವುದು ಮಾತ್ರ ಆಧ್ಯಾತ್ಮ.

ಬೈಬಲಿನಲ್ಲೇ ಬೇರೆ ದಾರಿ ಇತ್ತಲ್ಲ! ಅಂತಿಯೋಕ್ಯದಲ್ಲಿ ಪೌಲ ಪೇತ್ರನನ್ನು ಮುಖಕ್ಕೆ ಮುಖ ಕೊಟ್ಟು ಎದುರಿಸಿದ್ದನ್ನು ಪೌಲನೇ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹೇಳುತ್ತಾನೆ. ಅದಕ್ಕಿಂತ ನನಗೆ ಇಷ್ಟವಾದದ್ದು ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯ. ಯೆರೂಸಲೇಮಿನ ಸಭೆಯಲ್ಲಿ ದಿನದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂದು ಅವರ ಕಡೆಯವರು ಗೊಣಗಿದರು. ಅಪೊಸ್ತಲರು ಬಾಗಿ ಪಾದ ತೊಳೆದು ಸಮಾಧಾನ ಮಾಡಲಿಲ್ಲ. ಎಲ್ಲರನ್ನೂ ಕರೆದು, ಏಳು ಜನರನ್ನು ನೀವೇ ಆರಿಸಿ ಎಂದರು. ಆರಿಸಿದರು. ಏಳೂ ಗ್ರೀಕ್ ಹೆಸರುಗಳು, ಬಹುಶಃ ದೂರಿದವರ ಕಡೆಯವರೇ. ಅಡುಗೆಮನೆಯ ಸೌಟು ನೊಂದವರ ಕೈಗೆ ಹೋಯಿತು. ಕ್ರೈಸ್ತ ನಾಯಕತ್ವ ಎಂಬುದೊಂದಿದ್ದರೆ ನನಗೆ ಅದು ಕಾಣುವುದು ಈ ಗೊಣಗಾಟದಲ್ಲಿ.

ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ: ಆರಿಸಿಬಂದ ಏಳೂ ಗಂಡಸರ ಹೆಸರು ಅಲ್ಲಿ ದಾಖಲಾಗಿದೆ. ಊಟ ಸಿಗದ ವಿಧವೆಯರಲ್ಲಿ ಒಬ್ಬಳ ಹೆಸರೂ ಇಲ್ಲ.